ಪ್ರಕೃತವೂ ಅರ್ಥಾಂತರವೂ

ಧಾರಾವಿಯ ಕಿರಿದಾದ ಕೋಣೆಯೊಂದರಲ್ಲಿ ಒಮ್ಮೆ ನಾವು ಹತ್ತಾರು ಕನ್ನಡಿಗರು ಸೇರಿದ್ದೆವು. ಪತಿಯನ್ನು ಕಳೆದುಕೊಂಡ ನೆರೆಯ ತಾಯಿಯೊಬ್ಬರ ಮಗನ ಶಾಲಾಶುಲ್ಕಕ್ಕೆ ಹಣ ಕೂಡಿಸುವುದು ಅಂದಿನ ವಿಷಯ. ಮಧ್ಯೆ ಊರಿನ ಮಾತು ಬಂದಿತು. ಅಲ್ಲಿಂದ ಬೆಳಗಾವಿಗೆ, ಬೆಳಗಾವಿಯಿಂದ 1967ರ ಮಹಾಜನ ವರದಿಗೆ ಚರ್ಚೆ ಹರಿಯಿತು. ನಾವೂ ಸುಮ್ಮನಿರಲಿಲ್ಲ. ಆಡಿದ್ದೆಲ್ಲ ಸತ್ಯವೇ ಇರಬಹುದು. ಆದರೆ ಸಯನ್ ನಿಲ್ದಾಣದತ್ತ ಹೊರಡಲು ಎದ್ದಾಗ ಶುಲ್ಕದ ನಿರ್ಣಯ ಆಗಿರಲಿಲ್ಲ. ಬಾಗಿಲ ಬಳಿ ಕುಳಿತಿದ್ದ ಆ ತಾಯಿ ಏನನ್ನೂ ಕೇಳಲಿಲ್ಲ.

ನ್ಯಾಯಸೂತ್ರಗಳು ಹೇಳುವ 22 ನಿಗ್ರಹಸ್ಥಾನಗಳಲ್ಲಿ, ಅಂದರೆ ವಾದಿಯ ಸೋಲಿನ ನೆಲೆಗಳಲ್ಲಿ, ‘ಅರ್ಥಾಂತರ’ವೂ ಒಂದು. ಪ್ರಕೃತ ವಿಷಯವನ್ನು ಬಿಟ್ಟು ಅನ್ಯವನ್ನು ಆಡುವುದೇ ಅದು. ವಾತ್ಸ್ಯಾಯನಭಾಷ್ಯದ ಉದಾಹರಣೆ ಸ್ವಾರಸ್ಯವಾಗಿದೆ. ಶಬ್ದವು ನಿತ್ಯವೆಂದು ಸಾಧಿಸಹೊರಟವನು ‘ಹೇತು’ ಎಂದೊಡನೆ ಆ ಪದದ ಧಾತುಪ್ರತ್ಯಯಗಳನ್ನೇ ವಿವರಿಸತೊಡಗುತ್ತಾನೆ. ಅವನ ವ್ಯಾಕರಣ ಸುಳ್ಳಲ್ಲ. ಆದರೂ ಅವನು ಸೋತನು. ಶ್ರೀಮದಾಚಾರ್ಯರು ವಾದನಿಯಮಗಳಿಗಾಗಿಯೇ ‘ಕಥಾಲಕ್ಷಣ’ವನ್ನು ರಚಿಸಿದರೆಂಬುದನ್ನು ನೆನೆದರೆ ಮಾತಿನ ಮರ್ಯಾದೆ ಅಲ್ಪಸಂಗತಿಯಲ್ಲವೆಂದು ತಿಳಿಯುತ್ತದೆ.

ಆದರೆ ಒಂದು ಎಚ್ಚರ ಬೇಕು. ತಮಗೆ ಹಿತವಲ್ಲದ ಪ್ರಶ್ನೆಯನ್ನೆಲ್ಲ ಅಪ್ರಕೃತವೆಂದು ತಳ್ಳಿಹಾಕುವುದೂ ದೋಷವೇ. ಕೂಡಿದ ಹಣದ ಲೆಕ್ಕ ಕೇಳುವವನು ಅಡ್ಡಮಾತು ಆಡುತ್ತಿಲ್ಲ. ಗಡಿಯ ವಿಷಯವೂ ತುಚ್ಛವಲ್ಲ. ಅದಕ್ಕೆ ಬೇರೊಂದು ದಿನವನ್ನು ಗೊತ್ತುಮಾಡುವುದು ನ್ಯಾಯ. ಈ ವಿವೇಕಕ್ಕೆ ತರ್ಕಪಾಂಡಿತ್ಯವೇ ಬೇಕೆಂದಿಲ್ಲ. ಹೊಸ ಮಾತನ್ನು ಎತ್ತುವ ಮುನ್ನ, ಬಾಗಿಲ ಬಳಿ ಕಾದು ಕುಳಿತವರತ್ತ ಒಮ್ಮೆ ನೋಡಿದರೆ ಸಾಕು.