ಹಳೆಯ ಜಾವಾ ಎಷ್ಟು ಅಸಲಿ?

ಕಾರ್ಖಾನೆಯಲ್ಲಿ ಬಿಡಿಭಾಗ ಬದಲಾಗುವುದು ಕ್ಯಾಲೆಂಡರ್ ನೋಡಿಕೊಂಡಲ್ಲ, ಉಗ್ರಾಣದ ದಾಸ್ತಾನು ನೋಡಿಕೊಂಡು. ಹೊಸ ನಮೂನೆಯ ಭಾಗ ಬಂದಿಳಿದರೂ ಹಳೆಯದರ ಪೆಟ್ಟಿಗೆ ಖಾಲಿಯಾಗುವ ತನಕ ಎರಡೂ ಬಳಕೆಯಲ್ಲಿರುತ್ತವೆ. ಅಮೆರಿಕದ ಫೋರ್ಡ್ ಮಸ್ಟಾಂಗ್ 1964ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಜನರೇಟರ್ ಇತ್ತು, ಕೆಲವೇ ತಿಂಗಳಲ್ಲಿ ಆಲ್ಟರ್ನೇಟರ್ ಬಂತು. ಕಂಪನಿಯ ಲೆಕ್ಕದಲ್ಲಿ ಮಾತ್ರ ಎರಡೂ 1965ರ ಮಾದರಿಯೇ. ಅಂಥ ಕಾರುಗಳ ಬೆಲೆ ಕಟ್ಟುವವರು ಇಂದಿಗೂ ಈ ಸಂಧಿಕಾಲದ ಬಗ್ಗೆ ಜಗಳವಾಡುತ್ತಾರೆ.

ಕರ್ನಾಟಕದಲ್ಲಿ ಈ ಜಗಳಕ್ಕೆ ವಸ್ತು ಒದಗಿಸಿದ್ದು ಮೈಸೂರಿನ ಐಡಿಯಲ್ ಜಾವಾ. 1961ರಲ್ಲಿ ಮೋಟಾರ್‌ಸೈಕಲ್ ತಯಾರಿಸತೊಡಗಿದ ಈ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆರಂಭದಲ್ಲಿ ಚೆಕೊಸ್ಲೊವಾಕಿಯದಿಂದ ಬರುತ್ತಿದ್ದ ಭಾಗಗಳು ಬರಬರುತ್ತಾ ಇಲ್ಲಿಯೇ ತಯಾರಾದವು. 1970ರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರೂ ಜಾವಾ ಹೋಗಿ ಯೆಜ್ಡಿ ಆಯಿತು. ಕಿಕ್ಕರ್ ಮತ್ತು ಗೇರು ಎರಡಕ್ಕೂ ಒಂದೇ ಲಿವರ್, ಎರಡೂ ಪಕ್ಕಕ್ಕೆ ಉದ್ದನೆಯ ಸೈಲೆನ್ಸರ್ ಇರುವ ಈ 250 ಸಿ.ಸಿ. ಗಾಡಿಗಳು ಹುಬ್ಬಳ್ಳಿ-ಧಾರವಾಡದ ಗ್ಯಾರೇಜುಗಳಿಗೆ ಹೊಸವಲ್ಲ. ಅವುಗಳ ಮಾರಾಟದ ಮಾತು ಬಂದಾಗ ಮೊದಲು ಏಳುವ ಪ್ರಶ್ನೆ, ಗಾಡಿ ಒರಿಜಿನಲ್ಲೋ ಅಲ್ಲವೋ ಎಂಬುದು.

ಉತ್ತರ ಕಷ್ಟವಾಗುವುದು ದಾಸ್ತಾನು ಮುಗಿಯುವ ತನಕ ಹಳೆಯ ಭಾಗವನ್ನೂ ಬಳಸುವ ಕಾರ್ಖಾನೆಯ ರೂಢಿಯಿಂದಲೇ. ಒಂದು ಗಾಡಿ ಹಳೆಯ ನಮೂನೆಯ ಮೀಟರು, ಹೊಸ ನಮೂನೆಯ ಲೈಟು ಹೊತ್ತೇ ಕಾರ್ಖಾನೆಯಿಂದ ಹೊರಬಿದ್ದಿರಬಹುದು. ಬಿಡಿಭಾಗಗಳ ಪುಸ್ತಕ ಹಿಡಿದು ನೋಡಿದವರಿಗೆ ಅದು ತಪ್ಪಾಗಿ ಕಾಣುತ್ತದೆ. ಮಾಲೀಕ ಮೀಟರನ್ನು ಕಿತ್ತು ಪುಸ್ತಕದಲ್ಲಿದ್ದದ್ದನ್ನೇ ಕೂರಿಸಿದರೆ ಗಾಡಿ ‘ಸರಿ’ಯಾಗುತ್ತದೆ, ಅಸಲಿತನ ಮಾತ್ರ ಅಷ್ಟರಮಟ್ಟಿಗೆ ಹೋಗುತ್ತದೆ. ಅಸಲಿತನ ವಸ್ತುವಿನ ಆಕಾರದಲ್ಲಿಲ್ಲ, ಅದು ಬಂದ ದಾರಿಯಲ್ಲಿದೆ. ಒಂದೇ ಅಚ್ಚಿನ ಎರಡು ಮೀಟರುಗಳಲ್ಲಿ ಒಂದು ಅಸಲಿ, ಇನ್ನೊಂದು ಬದಲಿ ಆಗಿರಲು ಸಾಧ್ಯ. ಎಷ್ಟೇ ದೊಡ್ಡ ಭೂತಗನ್ನಡಿ ಹಿಡಿದರೂ ಆ ವ್ಯತ್ಯಾಸ ಕಾಣದು. ಹಳೆಯ ಗಾಡಿಗಳ ಪ್ರದರ್ಶನದಲ್ಲಿ ಹೊಳೆಯುವ ಬಣ್ಣಕ್ಕೆ ಬಹುಮಾನ ಕೊಡುವವರು ಈ ಮಾತನ್ನು ಅಷ್ಟಾಗಿ ಇಷ್ಟಪಡುವುದಿಲ್ಲ.

ಅಸಲಿತನ ಹೋದರೂ ಗಾಡಿ ಅದೇ ಆಗಿ ಉಳಿಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ, ಬಹಳ ಹಳೆಯದು. ಬೌದ್ಧ ಗ್ರಂಥ ‘ಮಿಲಿಂದ ಪಞ್ಹ’ದಲ್ಲಿ ಭಿಕ್ಷು ನಾಗಸೇನ ರಥದ ಗಾಲಿ, ಅಚ್ಚು, ನೊಗ ಒಂದೊಂದನ್ನೇ ತೋರಿಸಿ ಇದು ರಥವೇ ಎಂದು ರಾಜನನ್ನು ಕೇಳುತ್ತಾನೆ, ರಥ ಎಂಬುದು ಜೋಡಣೆಗೆ ಇಟ್ಟ ಹೆಸರಷ್ಟೇ ಎಂಬಲ್ಲಿಗೆ ಆ ಸಂವಾದ ಮುಟ್ಟುತ್ತದೆ. ವೈಶೇಷಿಕ ದಾರ್ಶನಿಕರು ಅವಯವಗಳಿಗಿಂತ ಬೇರೆಯಾದ ‘ಅವಯವಿ’, ಅಂದರೆ ಇಡಿಯ ವಸ್ತು, ನಿಜವಾಗಿಯೂ ಇದೆ ಎನ್ನುತ್ತಾರೆ, ಆದರೆ ಅದಕ್ಕೆ ಭಾರಿ ಬೆಲೆ ತೆರುತ್ತಾರೆ: ಒಂದು ಭಾಗ ಕಳಚಿದರೂ ಹಳೆಯ ಅವಯವಿ ನಾಶವಾಗಿ ಹೊಸದು ಹುಟ್ಟಬೇಕು. ಈ ಲೆಕ್ಕದಲ್ಲಿ ಪ್ಲಗ್ ಬದಲಿಸಿದಾಗಲೆಲ್ಲ ಮಾಲೀಕನಿಗೆ ಹೊಸ ಗಾಡಿ. ಸಿದ್ಧಾರೂಢ ಮಠದ ಊರಾದ ಹುಬ್ಬಳ್ಳಿಯಲ್ಲಿ ಅದ್ವೈತಿಯ ಉತ್ತರ ಎಲ್ಲರಿಗೂ ಗೊತ್ತಿರುವುದೇ. ನಾಮರೂಪಗಳು ವ್ಯವಹಾರದ ಮಟ್ಟದವು. ಕೊಳ್ಳುವವನ ತಕರಾರು ಇರುವುದೂ ವ್ಯವಹಾರದ ಮಟ್ಟದಲ್ಲೇ ಆದ್ದರಿಂದ ಆ ಉತ್ತರ ಅವನಿಗೆ ಉಪಯೋಗಕ್ಕೆ ಬಾರದು.

ಇಲ್ಲಿ ಹೆಚ್ಚು ಒದಗಿಬರುವುದು ಜೈನರ ನೋಟ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ಪ್ರಕಾರ ಇರುವ ಪ್ರತಿಯೊಂದರಲ್ಲೂ ಹುಟ್ಟು, ಅಳಿವು, ಉಳಿವು ಮೂರೂ ಒಟ್ಟಿಗೇ ಇವೆ. ಸವೆದ ಸಿಲಿಂಡರನ್ನು ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುವುದನ್ನೇ ನೋಡಬಹುದು. ಕಾರ್ಖಾನೆ ಕೊರೆದ ಒಳಮೈ ಪುಡಿಯಾಗಿ ಮಷಿನ್ ಕೆಳಗೆ ಬಿದ್ದಿದೆ. ಅದರ ಹಿಂದಿನ ಲೋಹ ಮೊದಲ ಸಲ ಪಿಸ್ಟನ್‌ಗೆ ಮೈಯೊಡ್ಡಿದೆ. ಹೊರಗಿನ ರೆಕ್ಕೆಗಳು ಮೊದಲಿದ್ದವೇ. ಸಿಲಿಂಡರ್ ಅದೇ ಎಂಬುದೂ ನಿಜ, ಅದಲ್ಲ ಎಂಬುದೂ ನಿಜ, ಯಾವ ದೃಷ್ಟಿಯಿಂದ ಎಂದು ಹೇಳಿದರೆ ಸಾಕು. 1990ರಲ್ಲಿ ಲಂಡನ್ನಿನ ಹೈಕೋರ್ಟು ಹೆಚ್ಚುಕಡಿಮೆ ಹೀಗೆಯೇ ತೀರ್ಪಿತ್ತಿತು. 1929 ಮತ್ತು 1930ರ ಲ ಮಾನ್ ರೇಸ್ ಗೆದ್ದ ಬೆಂಟ್ಲಿ ‘ಓಲ್ಡ್ ನಂಬರ್ ಒನ್’ ಕಾರಿನಲ್ಲಿ 1929ರ ಭಾಗಗಳು ಹೆಸರಿಗಷ್ಟೇ ಉಳಿದಿದ್ದವು. ಬದಲಾವಣೆಗಳು ಹಂತಹಂತವಾಗಿ, ಚರಿತ್ರೆ ಕಡಿಯದಂತೆ ಆಗಿದ್ದರಿಂದ ಕಾರು ನಿಜವಾದದ್ದೇ, ಆದರೆ ಮೂಲ ಸ್ಥಿತಿಯದ್ದಲ್ಲ ಎಂದಿತು ಕೋರ್ಟು.

ದೇವಾಲಯಗಳಿಗೂ ಇದೇ ಇಕ್ಕಟ್ಟು. ಆಗಮಗಳ ಜೀರ್ಣೋದ್ಧಾರದಲ್ಲಿ ಭಿನ್ನವಾದ ಬಿಂಬದ ಶಕ್ತಿಯನ್ನು ಕಲಶಕ್ಕೆ ಆವಾಹಿಸಿ, ಹೊಸ ಬಿಂಬದಲ್ಲಿ ಮತ್ತೆ ಪ್ರತಿಷ್ಠಾಪಿಸುತ್ತಾರೆ. ಶಿಲೆ ಹೊಸದು, ದೇವರು ಅದೇ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯನ್ನು ಕಾಯುವ ಪುರಾತತ್ತ್ವ ಇಲಾಖೆಯ ನಿಲುವು ಇದಕ್ಕೆ ತದ್ವಿರುದ್ಧ. ಜಾನ್ ಮಾರ್ಷಲ್ 1923ರಲ್ಲಿ ಬರೆದ ಸಂರಕ್ಷಣಾ ಕೈಪಿಡಿಯ ಕಾಲದಿಂದ ಆ ಇಲಾಖೆಗೆ ಮುಕ್ಕಾದ ಹಳೆಯ ಕಲ್ಲು ಅಚ್ಚುಕಟ್ಟಾದ ಹೊಸ ಕಲ್ಲಿಗಿಂತ ಮೇಲು. ಪೂಜೆ ನಡೆಯಬೇಕಾದ ಬಿಂಬಕ್ಕೆ ಮೊದಲನೆಯದು ಸಲ್ಲುತ್ತದೆ, ಸಾಕ್ಷ್ಯವಾಗಿ ನಿಂತ ಗೋಡೆಗೆ ಎರಡನೆಯದು. ದಿನಾ ಓಡುವ ಜಾವಾಕ್ಕೂ ಕಾರ್ಖಾನೆಯ ಬಣ್ಣ ಇನ್ನೂ ಉಳಿಸಿಕೊಂಡ ಜಾವಾಕ್ಕೂ ಒಂದೇ ನಿಯಮ ಹಚ್ಚುವುದು ಸರಿಯಲ್ಲ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನ ನಿಯಮ ಸಾಕ್ಷ್ಯದ ಕಡೆಗೆ ವಾಲಿದೆ. 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಾಗದ ಗಾಡಿಗೆ ‘ವಿಎ’ ಅಕ್ಷರಗಳ ಪ್ರತ್ಯೇಕ ನಂಬರ್ ಸಿಗುತ್ತದೆ. ಗಣನೀಯ ಎಂದರೆ ಎಷ್ಟು ಎಂಬಲ್ಲಿ ಮತ್ತೆ ಅದೇ ಚರ್ಚೆ.

ಕೊನೆಗೆ ಇಂಗ್ಲಿಷ್ ತತ್ತ್ವಜ್ಞಾನಿ ಹಾಬ್ಸ್ 1655ರಲ್ಲಿ ಎತ್ತಿದ ತೊಡಕು. ಒಂದೊಂದೇ ಹಲಗೆ ಬದಲಾಗುತ್ತಾ ಹೋದ ಹಡಗಿನಿಂದ ಕಿತ್ತ ಹಳೆಯ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ ಅಸಲಿ ಯಾವುದು? ಗುಜರಿಗೆ ಹೋದ ಭಾಗಗಳಿಂದ ಎರಡನೆಯ ಜಾವಾ ಏಳುವುದು ಕಲ್ಪನೆಯೇನೂ ಅಲ್ಲ. ಇಂಥಲ್ಲಿ ಆರ್‌ಟಿಒ ಚಾಸಿ ನಂಬರಿಗೆ ಅಂಟಿಕೊಳ್ಳುತ್ತದೆ. ಎಂಜಿನ್ ಬದಲಿಸಿದರೆ ಆರ್.ಸಿ.ಯಲ್ಲಿ ದಾಖಲಿಸಬಹುದು, ಚಾಸಿ ಯಾರದೋ ಗಾಡಿ ಅವರದು. ಹೆಚ್ಚಿನ ತಕರಾರುಗಳಿಗೆ ಇಷ್ಟು ಸಾಕು. ನಂಬರ್ ಇರುವ ಮುಂದಿನ ಅರ್ಧವನ್ನು ಒಂದು ಚಾಸಿಯಿಂದಲೂ ಹಿಂದಿನ ಅರ್ಧವನ್ನು ಇನ್ನೊಂದರಿಂದಲೂ ತಂದು ವೆಲ್ಡಿಂಗ್ ಮಾಡಿದಾಗ ಮಾತ್ರ ಸಾಲದು.