ದಾರಿಗೆ ಬಿಟ್ಟ ಜಾಗ

ಮನೆಗೇ ಗಾಲಿ ಕಟ್ಟಿಕೊಂಡು ಹೊರಟವನಿಗೆ ಯೋಜನೆ ಯಾಕೆ? ಕತ್ತಲಾದಲ್ಲೇ ಮನೆ, ಹಸಿವಾದಲ್ಲೇ ಅಡುಗೆ. ಕ್ಯಾರವಾನ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಈ ಚಿತ್ರ. ಯುರೋಪಿನಲ್ಲಿ ಹಾಗೆ ತಿರುಗುವವರನ್ನು ಕಂಡು ನಾವು ಕೊಂಚ ಹೊಟ್ಟೆ ಉರಿಸಿಕೊಂಡದ್ದೂ ಉಂಟು. ಈಗ ಅದಕ್ಕೂ ಕಾರಣ ಉಳಿದಿಲ್ಲ. 2021ರಲ್ಲಿ ಕೇರಳ ಸರ್ಕಾರವೇ ಕ್ಯಾರವಾನ್ ಪ್ರವಾಸಕ್ಕೊಂದು ನೀತಿ ಮಾಡಿತು. ವಾಗಮಣ್ಣಿನ ಗುಡ್ಡದ ಮೇಲೆ ಆ ಗಾಡಿಗಳಿಗೊಂದು ತಂಗುದಾಣವೂ ಎದ್ದಿತು.

ಆದರೆ ಗಾಲಿಯ ಮೇಲಿದ್ದರೂ ಮನೆ ಮನೆಯೇ ತಾನೆ? ಸಂಜೆಯಾದರೆ ಅದು ಕೇಳುವುದು ಮೂರೇ ಪ್ರಶ್ನೆ: ನೀರೆಲ್ಲಿ, ಕರೆಂಟೆಲ್ಲಿ, ಪಾಯಿಖಾನೆಯ ತೊಟ್ಟಿ ಖಾಲಿ ಮಾಡುವುದೆಲ್ಲಿ? ಆಗಸ್ಟ್ ತಿಂಗಳಲ್ಲಿ ಜಾಗ ಕಾದಿರಿಸದೆ ಇಟಲಿಯ ಗಾರ್ಡಾ ಸರೋವರದ ದಡಕ್ಕೆ ಹೋದವನಿಗೆ ಈ ಪ್ರಶ್ನೆಗಳ ಭಾರ ಗೊತ್ತು.

ಕೇರಳಕ್ಕೆ ಹೊರಟ ನಮ್ಮದೇನೂ ಕ್ಯಾರವಾನ್ ಅಲ್ಲ, ಬಾಡಿಗೆಯ ಟೆಂಪೊ ಟ್ರಾವೆಲರ್. ಹಿಂದಿನ ಸೀಟಿನಡಿ ಗ್ಯಾಸ್ ಒಲೆ, ಅಕ್ಕಿ, ಉಪ್ಪಿನಕಾಯಿ ಭರಣಿ. ದಕ್ಷಿಣ ಕನ್ನಡದ ಕುಟುಂಬಗಳು ಯಾತ್ರೆ ಹೊರಡುತ್ತಿದ್ದುದೇ ಹೀಗೆ. ಕ್ಯಾರವಾನ್ ಎಂಬ ಹೆಸರು ಗೊತ್ತಿರಲಿಲ್ಲ, ಅಷ್ಟೆ. ಯೋಜನೆಯೆಲ್ಲ ಭಾವನ ಮಗನದು. ಕಂಪ್ಯೂಟರಿನಲ್ಲಿ ಕೋಷ್ಟಕ ಹಾಕಿ, ಅಚ್ಚು ಹೊಡೆಸಿ ಎಲ್ಲರ ಕೈಗೂ ಒಂದೊಂದು ಪ್ರತಿ ಕೊಟ್ಟಿದ್ದ. ಆರು ಹತ್ತಕ್ಕೆ ಪುಟ್ಟು-ಕಡಲೆ, ಆರು ನಲವತ್ತಕ್ಕೆ ಕೊಚ್ಚಿ ಬಿಡುವುದು, ಮಧ್ಯಾಹ್ನಕ್ಕೆ ಮುಂಚೆ ತಿರುವನಂತಪುರದಲ್ಲಿ ಪದ್ಮನಾಭನ ದರ್ಶನ. ನಾನು ಮೊದಲಿನಿಂದಲೂ 'ಬಂದದ್ದು ಬರಲಿ' ಎನ್ನುವ ಪೈಕಿ. ಆ ಹಾಳೆಯನ್ನು ಮಡಚಿ ಕನ್ನಡಕದ ಪೆಟ್ಟಿಗೆಯಲ್ಲಿಟ್ಟೆ.

ಹಿಂದಿನ ಸಂಜೆ ಫೋರ್ಟ್ ಕೊಚ್ಚಿಯಲ್ಲಿ ಚೀನಾ ಬಲೆಯ ಮುಂದೆ ನಿಂತಿದ್ದೆವು. ನಾಲ್ಕೈದು ಜನ ಹಗ್ಗ ಜಗ್ಗಿದರು. ಇನ್ನೊಂದು ತುದಿಯಲ್ಲಿ ತೂಗುಬಿಟ್ಟ ಕಲ್ಲುಗಳು ಒಂದೊಂದಾಗಿ ಕೆಳಗಿಳಿದಂತೆ ಬಲೆ ನೀರಿನಿಂದ ಮೇಲೆದ್ದಿತು. ಒಳಗಿದ್ದದ್ದು ಬೊಗಸೆಯಷ್ಟು ಮೀನು, ಒಂದು ಪ್ಲಾಸ್ಟಿಕ್ ಬಾಟಲಿ. ಅವರು ಬೇಸರವನ್ನೂ ತೋರಲಿಲ್ಲ, ಅಚ್ಚರಿಯನ್ನೂ ತೋರಲಿಲ್ಲ. ಬಲೆಯನ್ನು ಮತ್ತೆ ಇಳಿಬಿಟ್ಟರು. ಕಂಬ, ಕಲ್ಲು, ಹಗ್ಗ, ಉಬ್ಬರದ ಹೊತ್ತು ಎಲ್ಲಕ್ಕೂ ಲೆಕ್ಕವಿದೆ. ಮೀನನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಆ ಊರಿನ ಹುಟ್ಟಾದರೂ ಯಾರ ಲೆಕ್ಕದಲ್ಲಿತ್ತು? 1341ರ ಪೆರಿಯಾರ್ ನೆರೆಯಲ್ಲಿ ಮುಜಿರಿಸ್ ಬಂದರು ಹೂತುಹೋಗಿ ಕೊಚ್ಚಿಗೆ ಕಡಲಿನ ಬಾಗಿಲು ತೆರೆಯಿತು ಎನ್ನುತ್ತಾರೆ.

ಅದೇ ಕೊಚ್ಚಿಯ ಗಾಂಧಿನಗರದಲ್ಲಿ ಶ್ರೀ ಬಾಲಾಜಿ ಕಾಫಿ ಹೌಸ್ ನಡೆಸುತ್ತಿದ್ದ ವಿಜಯನ್ ಮತ್ತು ಮೋಹನಾ ದಂಪತಿಯನ್ನು ನಾವು ಮರೆಯಬಹುದೆ? ಚಹಾ ಮಾರಿದ ದುಡ್ಡಿನಲ್ಲಿ ದಿನಕ್ಕೆ ಮುನ್ನೂರು ರೂಪಾಯಿ ಎತ್ತಿಡುವುದು, ಸಾಲದೆ ಬಂದದ್ದಕ್ಕೆ ಸಾಲ ಮಾಡುವುದು, ಹೋಗಿಬರುವುದು, ವರ್ಷಗಟ್ಟಲೆ ಸಾಲ ತೀರಿಸುವುದು, ಮತ್ತೆ ಎತ್ತಿಡುವುದು. ಇಪ್ಪತ್ತೈದಕ್ಕೂ ಹೆಚ್ಚು ದೇಶಗಳನ್ನು ಅವರು ನೋಡಿದ್ದು ಹೀಗೆ. 2021ರ ಅಕ್ಟೋಬರಿನಲ್ಲಿ ರಷ್ಯಾ ನೋಡಿ ಬಂದ ವಿಜಯನ್ ನವೆಂಬರಿನಲ್ಲಿ ತೀರಿಕೊಂಡರು. ಅವರ ಯೋಜನೆಯೆಲ್ಲ ನಡೆದದ್ದು ಚಹಾದ ಪಾತ್ರೆಯ ಮುಂದೆ, ಹೊರಡುವುದಕ್ಕೆ ವರ್ಷಗಳ ಮೊದಲು. ಯೋಜನೆಗೆ ಅದಕ್ಕಿಂತ ತಕ್ಕ ಜಾಗ ಬೇರೆ ಇದೆಯೆ?

ಮರುದಿನ ಅರೂರು ದಾಟುವ ಮೊದಲೇ ನಮ್ಮ ಕೋಷ್ಟಕ ಕುಸಿಯಿತು. ಹೆದ್ದಾರಿ ಕೆಲಸ, ವಾಹನಗಳ ಸಾಲು, ಗಂಟೆಗಟ್ಟಲೆ ನಿಂತಲ್ಲೇ. ಭಾವನ ಮಗ ಐದೈದು ನಿಮಿಷಕ್ಕೆ ಗಡಿಯಾರ ನೋಡತೊಡಗಿದ. ನನ್ನವಳು ಮಾತ್ರೆಗೆಂದು ರಸ್ತೆಬದಿಯ ಮನೆಯೊಂದರಲ್ಲಿ ನೀರು ಕೇಳಿದಳು. ಆ ಮನೆಯಾಕೆ ಕೊಟ್ಟದ್ದು ಸ್ಟೀಲಿನ ಲೋಟದಲ್ಲಿ ಹಬೆಯಾಡುವ, ನಸುಗೆಂಪು ಬಣ್ಣದ ಕುದಿಸಿದ ನೀರು. ಇಬ್ಬರೂ ಜಗಲಿಯಲ್ಲಿ ಕೂತರು. ಆಕೆಗೆ ಕನ್ನಡ ಬಾರದು, ಇವಳಿಗೆ ಮಲಯಾಳ ಅಷ್ಟಕ್ಕಷ್ಟೆ. ಮಾತು ಮಾತ್ರ ಮುಗಿಯಲೊಲ್ಲದು. ನೋಡಿದಿರಾ, ಯೋಜನೆ ಕೆಟ್ಟದ್ದೇ ಒಳ್ಳೆಯದಾಯಿತು ಎಂದು ನಾನು ಬೀಗಿದೆ. ಅವಳು ತಿರುಗಿ ಕೇಳಿದ್ದು ಒಂದೇ ಮಾತು: "ಮಾತ್ರೆಯನ್ನು ಚೀಲಕ್ಕೆ ಹಾಕಿದ್ದು ಯಾರು?"

ನನ್ನ ಬಳಿ ಉತ್ತರವಿರಲಿಲ್ಲ. 'ಬಂದದ್ದು ಬರಲಿ' ಎನ್ನುವ ಗಂಡಸರ ಸ್ವಚ್ಛಂದವೆಲ್ಲ ಯಾರದೋ ಮುಂದಾಲೋಚನೆಯ ಹೆಗಲೇರಿ ಕೂತಿರುವುದಿಲ್ಲವೆ? ಅಕ್ಕಿ ಅಳೆದವರು, ಔಷಧ ಕಟ್ಟಿದವರು, ಮಗುವಿಗೆ ಒಣ ಬಟ್ಟೆ ಇಟ್ಟವರು ಬೇರೆ. ದಾರಿ ತಪ್ಪುವುದರ ಸೊಗಸನ್ನು ಹೊಗಳುವವರು ಬೇರೆ. ಅಂದಮೇಲೆ ಭಾವನ ಮಗನ ತಪ್ಪು ಯೋಜನೆ ಮಾಡಿದ್ದರಲ್ಲಿಲ್ಲ. ಅವನ ಹಾಳೆಯಲ್ಲಿ ಒಂದೇ ಒಂದು ಖಾಲಿ ಸಾಲು ಇರಲಿಲ್ಲ, ಅಷ್ಟೆ. ನನ್ನ ತಪ್ಪು ಅದಕ್ಕಿಂತ ದೊಡ್ಡದು. ಆ ಹಾಳೆ ತುಂಬಿಸಲು ನಾನು ಕೈಯನ್ನೇ ಕೊಟ್ಟಿರಲಿಲ್ಲ.

ತಿರುವನಂತಪುರ ಮುಟ್ಟಿದಾಗ ಮಧ್ಯಾಹ್ನ ಮೀರಿತ್ತು. ಮುಂಡು ಮಾರುವ ಅಂಗಡಿಯವನು ತಲೆ ಎತ್ತದೆಯೇ "ನಡ ಅಡಚ್ಚು" ಎಂದ. ಗುಡಿಯ ಬಾಗಿಲು ಹಾಕಿದೆ, ಇನ್ನು ಸಂಜೆಗೇ. ಪದ್ಮತೀರ್ಥದ ಕೊಳದ ಪಕ್ಕ ಬುತ್ತಿ ಬಿಚ್ಚಿ ಕಾದೆವು. ಸಂಜೆ ಒಳಗೆ ಹೋದರೆ ಅನಂತಶಯನನಾದರೂ ಒಂದೇ ನೋಟಕ್ಕೆ ಸಿಗುತ್ತಾನೆಯೆ? ಮೂರು ಬಾಗಿಲು: ಒಂದರಲ್ಲಿ ಮುಖ, ಒಂದರಲ್ಲಿ ನಾಭಿಯ ಕಮಲ, ಒಂದರಲ್ಲಿ ಪಾದ. ಮುಖ ಕಂಡ ಬಾಗಿಲಲ್ಲಿ ಪಾದ ಕಾಣದು. ಹಿಂದಿನವರು ನೂಕುತ್ತಿದ್ದರು. ಭಾವನ ಮಗ ಪಾದದ ಬಾಗಿಲ ಮುಂದೆ ಗಡಿಯಾರ ಮರೆತು ನಿಂತದ್ದನ್ನು ಕಂಡೆ.

ರಾತ್ರಿ ಅವನೇ ಹೇಳಿದ ಸಂಗತಿಯೊಂದಿದೆ. ಆ ಊರಿನ ವಿಮಾನ ನಿಲ್ದಾಣದ ರನ್‌ವೇ ಪದ್ಮನಾಭನ ಮೆರವಣಿಗೆಯ ಹಳೆಯ ದಾರಿಗೆ ಅಡ್ಡವಾಗಿ ಮಲಗಿದೆ. ಪೈಂಕುನಿ ಮತ್ತು ಅಲ್ಪಶಿ ಉತ್ಸವಗಳ ಆರಾಟ್ಟಿನ ದಿನ, ವರ್ಷಕ್ಕೆರಡು ಸಲ, ವಿಮಾನಗಳ ವೇಳಾಪಟ್ಟಿಯನ್ನು ಮುಂಚಿತವಾಗಿಯೇ ಬದಲಿಸುತ್ತಾರೆ. ಸಂಜೆಯ ಕೆಲವು ಗಂಟೆ ಒಂದು ವಿಮಾನವೂ ಏರುವುದಿಲ್ಲ, ಇಳಿಯುವುದಿಲ್ಲ. ದೇವರು ರನ್‌ವೇ ದಾಟಿ ಶಂಖುಮುಖದ ಕಡಲಿಗೆ ಮೀಯಲು ಹೋಗಿ, ಅದೇ ದಾರಿಯಲ್ಲಿ ಮರಳುತ್ತಾನೆ.