ನೋಡಿದವನ ಪಾಲು

“ನೀನು ಕೋವಿ ಮುಟ್ಟುವುದೇನೂ ಬೇಡ, ಬರೀ ನೋಡಿದರೆ ಸಾಕು” ಎಂದು ನೆರೆಮನೆಯ ಗೆಳೆಯ ಹೇಳಿದಾಗ, ಆ ‘ಬರೀ’ ಎಂಬ ಮಾತನ್ನು ನಂಬಿ ಒಪ್ಪಿಕೊಂಡುಬಿಟ್ಟೆ. ನಾನು ಡೆನ್ವರಿಗೆ ಬಂದು ನೆಲೆಸಿದ ಮಲೆನಾಡಿನವನು. ಅವನು ಕೊಲರಾಡೊದಲ್ಲೇ ಹುಟ್ಟಿ ಬೆಳೆದ ಬಡಗಿ. ಪ್ರತಿ ಅಕ್ಟೋಬರಿನಲ್ಲಿ ಎಲ್ಕ್ ಬೇಟೆಗೆ ಹೋಗುತ್ತಾನೆ. ಎಲ್ಕ್ ಎಂದರೆ ನಮ್ಮ ಕಡವೆಯ ದೊಡ್ಡಣ್ಣ ಎನ್ನಬಹುದು. ಜೊತೆಗೆ ಬರುತ್ತಿದ್ದ ಅವನ ಅಣ್ಣನ ಮಂಡಿ ಸೋತಿದ್ದರಿಂದ 2019ರಲ್ಲಿ ಆ ಜಾಗ ನನಗೆ ಬಂತು.

ಮೊದಲ ಕೆಲಸ ಒಂದು ಸ್ಪಾಟಿಂಗ್ ಸ್ಕೋಪ್ ಕೊಳ್ಳುವುದು. ಅದು ಒಂಟಿ ಕಣ್ಣಿನ ದುರ್ಬೀನು. ಬೈನಾಕ್ಯುಲರಿನಲ್ಲಿ ಹುಡುಕಬೇಕು, ಇದರಲ್ಲಿ ಪರೀಕ್ಷಿಸಬೇಕು. ಮೂರು ಕಾಲಿನ ಸ್ಟ್ಯಾಂಡಿನ ಮೇಲಿಟ್ಟು 20ರಿಂದ 60 ಪಟ್ಟಿನವರೆಗೆ ಹಿಗ್ಗಿಸಿ ನೋಡಬಹುದು. ಅಂಗಡಿಯವನು ಎರಡನ್ನು ಮುಂದಿಟ್ಟ. ಒಂದರ ಮುಂಗಾಜು 65 ಮಿಲಿಮೀಟರ್ ಅಗಲ, ಇನ್ನೊಂದರದು 85. ಚಿಕ್ಕದು ಒಂದೂವರೆ ಕಿಲೋ, ದೊಡ್ಡದು ಎರಡು. ಸ್ಟ್ಯಾಂಡಿನ ಭಾರ ಬೇರೆ. ದೊಡ್ಡದು ಸುಮಾರು 1.7 ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ. ಮುಂಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬೀಳುವ ಬೆಳಕಿನ ಕಿಂಡಿ ಎಷ್ಟೆಂದು ತಿಳಿಯುತ್ತದೆ. 65ನ್ನು 60ರಿಂದ ಭಾಗಿಸಿ ನೋಡಿ: ಒಂದು ಮಿಲಿಮೀಟರಿಗಿಂತ ಚೂರು ಹೆಚ್ಚು. ಮಬ್ಬು ಬೆಳಕಿನಲ್ಲಿ ಅಷ್ಟು ಸಾಲದು. ಹಗಲೇರಿದ ಮೇಲೆ ಬೆಳಕು ಬೇಕಾದಷ್ಟಿರುತ್ತದೆ, ಆದರೆ ನೆಲದ ಕಾವಿಗೆ ಗಾಳಿ ನಡುಗುತ್ತದೆ. ಹಿಗ್ಗಿಸಿದಷ್ಟೂ ಆ ನಡುಕವೇ ಹಿಗ್ಗುತ್ತದೆ. ಹಾಗಾಗಿ ಬಳಕೆಗೆ ಬರುವುದು ಹೆಚ್ಚಾಗಿ 30-40 ಪಟ್ಟು ಮಾತ್ರ. ಅಂಗಡಿಯ ದೀಪದಲ್ಲಿ ಎಲ್ಲ ಗಾಜೂ ಒಳ್ಳೆಯದೇ. ಸಂಜೆಯವರೆಗೆ ಕಾದು, ಎರಡನ್ನೂ ಹೊರಗೆ ಇಟ್ಟು ದೂರದ ಬೋರ್ಡನ್ನು ಓದಿ ನೋಡಿದೆವು. ಕತ್ತಲಾದಂತೆ ದೊಡ್ಡದು ಗೆದ್ದಿತು. ಆದರೂ ಹೊರಬೇಕಾದವನು ನಾನಾದ್ದರಿಂದ ಚಿಕ್ಕದನ್ನೇ ಆರಿಸಿದೆ. ಗೆಳೆಯ ಬೇಡವೆನ್ನಲಿಲ್ಲ. “ಹೊತ್ತು ತರಲಾಗದ ಗಾಜಿನಲ್ಲಿ ಏನೂ ಕಾಣುವುದಿಲ್ಲ” ಎಂದ.

ಇಷ್ಟೆಲ್ಲ ನೋಡುವುದು ಯಾಕೆ? ಕಾನೂನು ಕೇಳುತ್ತದೆ. ಕೊಲರಾಡೊದ ಹೆಚ್ಚಿನ ವಲಯಗಳಲ್ಲಿ ಗಂಡು ಎಲ್ಕಿನ ಒಂದು ಕೊಂಬಿಗಾದರೂ ನಾಲ್ಕು ಕವಲಿರಬೇಕು, ಇಲ್ಲವೇ ಬುಡದ ಕವಲು 5 ಅಂಗುಲ ಉದ್ದವಿರಬೇಕು. ಎಳೆಯದನ್ನು ಹೊಡೆಯುವಂತಿಲ್ಲ. ಕೋವಿಯ ಮೇಲೂ ಒಂದು ದುರ್ಬೀನಿರುತ್ತದಲ್ಲ, ಅದರಲ್ಲೇ ನೋಡಬಾರದೇ ಎಂದು ಕೇಳಿದ್ದೆ. ಗೆಳೆಯನ ಮುಖ ಗಂಭೀರವಾಯಿತು. “ಅದರಲ್ಲಿ ನೋಡುವುದೆಂದರೆ ಕೋವಿಯನ್ನು ಅತ್ತ ತಿರುಗಿಸುವುದು. ಅದೇನೆಂದು ಗೊತ್ತಿಲ್ಲದಾಗ ಅಲ್ಲಿ ಮನುಷ್ಯನೂ ಇರಬಹುದು.” ಕೊಲ್ಲುವ ಕಣ್ಣು ಬೇರೆ, ತಿಳಿಯುವ ಕಣ್ಣು ಬೇರೆ ಇರಬೇಕು ಎಂಬ ಈ ನಿಯಮ ನನಗೆ ತುಂಬ ಹಿಡಿಸಿತು. ತಿಳಿಯುವ ಕಣ್ಣು ನನ್ನದು, ಹಾಗಾಗಿ ನಾನು ನಿರ್ದೋಷಿ ಎಂದೂ ಅನ್ನಿಸಿತು.

ಫ್ಲ್ಯಾಟ್ ಟಾಪ್ಸ್ ಎಂಬ ಎತ್ತರದ ಕಾಡುಸೀಮೆ ನಮ್ಮ ಜಾಗ. 1964ರ ವನ್ಯಪ್ರದೇಶ ಕಾಯ್ದೆಯ ಪ್ರಕಾರ ಅಂಥ ಕಡೆ ಮೋಟಾರು ವಾಹನ ಒಯ್ಯುವಂತಿಲ್ಲ. ಹೋಗುವಾಗ ಗುಡಾರ, ಬರುವಾಗ ಮಾಂಸ, ಎಲ್ಲವೂ ಬೆನ್ನ ಮೇಲೆ. ಮೊದಲ ದಿನ ಮುಸ್ಸಂಜೆಗೆ ಎದುರು ಇಳಿಜಾರಿನಲ್ಲಿ ಒಂದು ಗಂಡು ಬಂದು ನಿಂತಿತು. 40 ಪಟ್ಟಿನಲ್ಲಿ ನೋಡಿದೆ. ಕೊಂಬು ಇತ್ತು, ಕವಲು ಕತ್ತಲಲ್ಲಿ ಕಲಸಿಹೋಗಿತ್ತು. ದೊಡ್ಡ ಗಾಜಿದ್ದರೆ ಕಾಣುತ್ತಿತ್ತೇನೋ. “ಗೊತ್ತಾಗುತ್ತಿಲ್ಲ” ಎಂದೆ. “ಹಾಗಾದರೆ ಅದು ನಮ್ಮದಲ್ಲ” ಎಂದು ಗೆಳೆಯ ಒಲೆ ಹಚ್ಚಲು ಹೋದ. ನನ್ನ ಒಂದು ಮಾತಿಗೆ ಅಷ್ಟು ತೂಕವಿದೆಯೆಂದು ಗೊತ್ತಾದದ್ದು ಆಗಲೇ.

ಮೂರನೆಯ ದಿನ ಬೆಳಿಗ್ಗೆ ಇನ್ನೊಂದು ಗಂಡು ಕಂಡಿತು. ಒಂದೂವರೆ ಕಿಲೋಮೀಟರ್ ದೂರ. 40 ಪಟ್ಟಿನಲ್ಲಿ ಮೂವತ್ತೆಂಟು ಮೀಟರ್ ಆಚೆ ನಿಂತ ಹಾಗೆ. ಹೊಸ ಬಿಸಿಲು, ತಣ್ಣನೆಯ ಗಾಳಿ, ಚೂರೂ ನಡುಕವಿಲ್ಲ. ಎಡಗೊಂಬಿಗೆ ಐದು ಕವಲು, ಎಣಿಸಿದೆ. ಮತ್ತೆ ಎಣಿಸಿದೆ. ಅದು ಕತ್ತು ತಿರುಗಿಸಿ ತನ್ನ ಪಕ್ಕೆಯನ್ನು ನೆಕ್ಕಿಕೊಂಡಿತು. ಯಾರೂ ನೋಡುತ್ತಿಲ್ಲವೆಂದುಕೊಂಡಾಗ ಜೀವಿಗಳು ಇರುವ ರೀತಿ ಅದು. ನನ್ನ ನಾಲಗೆಯ ತುದಿಯಲ್ಲಿ “ಗೊತ್ತಾಗುತ್ತಿಲ್ಲ” ಎಂಬ ಮಾತು ಸಿದ್ಧವಾಗಿತ್ತು. ಒಮ್ಮೆ ನಿಜವಾಗಿ ಆಡಿದ ಮಾತು, ಈ ಸಲ ಸುಳ್ಳಾಗಿ ಆಡಿದರೂ ಗೆಳೆಯ ನಂಬುತ್ತಿದ್ದ. ಒಂದು ಜೀವ ಉಳಿಯುತ್ತಿತ್ತು.

ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಸತ್ಯವನ್ನೇ ಹೇಳುವೆನೆಂದು ವ್ರತ ತೊಟ್ಟವನು ಅವನು. ಕಳ್ಳರಿಗೆ ಹೆದರಿ ಓಡಿದ ಜನ ಯಾವ ಕಡೆ ಹೋದರೆಂದು ಕಳ್ಳರು ಕೇಳಿದರೆ, ಅಡಗಿದ ಜಾಗವನ್ನು ತೋರಿಸಿದ. ಜನ ಸತ್ತರು, ಕೌಶಿಕ ನರಕಕ್ಕೆ ಹೋದ. ಕೋವಿಯನ್ನೇನೂ ಅವನು ಹಿಡಿದಿರಲಿಲ್ಲ. ಬರೀ ನೋಡಿದ್ದ, ನೋಡಿದ್ದನ್ನು ಹೇಳಿದ್ದ.

ಆದರೆ ನನ್ನ ಗೆಳೆಯ ಕಳ್ಳನಲ್ಲ. ನನ್ನನ್ನು ದಾರಿಯಲ್ಲಿ ತಡೆದು ಕೇಳಿದವನೂ ಅಲ್ಲ. ಬರುವುದಿಲ್ಲ ಎನ್ನಲು ಡೆನ್ವರಿನಲ್ಲಿ ಒಂದು ತಿಂಗಳು ಅವಕಾಶವಿತ್ತು. ಅವನ ಕಣ್ಣಾಗಿರುತ್ತೇನೆಂದು ಒಪ್ಪಿ ಬಂದು, ಬೇಕಾದಾಗ ಕುರುಡಾಗುವುದನ್ನು ಕರುಣೆ ಎನ್ನಬಹುದೇ? “ಹೌದು, ಐದು” ಎಂದೆ. ಅವನು ತಾನೂ ಬಗ್ಗಿ ನೋಡಿ, ಕೋವಿ ತೆಗೆದುಕೊಂಡು ಹೋದ. ಒಂದೂವರೆ ಗಂಟೆ ನಾನು ಆ ಗಾಜಿನಿಂದ ಕಣ್ಣು ತೆಗೆಯಲಿಲ್ಲ. ಅದು ಮೇಯಿತು, ಮಲಗಿತು, ಎದ್ದಿತು. ಒಮ್ಮೆಲೇ ಮುಗ್ಗರಿಸಿತು, ನಾಲ್ಕೈದು ಸೆಕೆಂಡು ಕಳೆದ ಮೇಲೆ ಸದ್ದು ನನ್ನ ಕಿವಿಗೆ ಬಂತು.

ತೀರ್ಥಹಳ್ಳಿ ಸೀಮೆಯ ನನ್ನ ಅಜ್ಜ 1972ರ ವನ್ಯಜೀವಿ ಕಾಯ್ದೆಗೂ ಮುಂಚೆ ಊರವರೊಡನೆ ಬೇಟೆಗೆ ಹೋಗುತ್ತಿದ್ದರಂತೆ. ಕೋವಿ ಇದ್ದವರು ಕಂಡಿಯಲ್ಲಿ ನಿಂತರೆ, ಅಜ್ಜ ಹಳುವಿಗೆ ನುಗ್ಗಿ ಸದ್ದು ಮಾಡಿ ಮಿಕ ಎಬ್ಬಿಸುವವರು. ಕೊನೆಗೆ ಎಲ್ಲರಿಗೂ ಪಾಲು, ನಾಯಿಗೂ ಪಾಲು. “ನಾನೇನು ಒಂದು ಈಡೂ ಹೊಡೆದವನಲ್ಲ ಮಾರಾಯ್ತಿ” ಎಂದು ಅಜ್ಜ ಹೇಳಿದರೆ, ಅಜ್ಜಿ ಬಾಳೆಲೆಯ ಗಂಟು ಬಿಚ್ಚುತ್ತ, “ಹೊಡೆಯಲಿಲ್ಲ, ಸರಿ. ಹಾಗಾದ್ರೆ ಈ ಪಾಲು ಯಾವ ಲೆಕ್ಕದ್ದು?” ಎನ್ನುತ್ತಿದ್ದರಂತೆ. ಅಜ್ಜಿ ಅದನ್ನು ಅಡುಗೆ ಮಾಡದೆ ಬಿಟ್ಟವರೂ ಅಲ್ಲ. ಲೆಕ್ಕ ಮಾತ್ರ ಸರಿಯಾಗಿರಬೇಕಿತ್ತು.

ಎಲ್ಕಿಗೆ ಕಟ್ಟಿದ ಪರವಾನಗಿ ಚೀಟಿ ಗೆಳೆಯನ ಹೆಸರಿನದು. ಕಾನೂನಿಗೆ ನಾನು ಅಲ್ಲಿ ಇರಲೇ ಇಲ್ಲ. ತಿನ್ನುವ ಮಾಂಸವನ್ನು ಕಾಡಿನಲ್ಲಿ ಬಿಟ್ಟುಬರುವುದು ಅಪರಾಧವಾದ್ದರಿಂದ ಎರಡು ದಿನ, ನಾಲ್ಕು ಸುತ್ತು, ಇಬ್ಬರೂ ಹೊತ್ತೆವು. ಭುಜ ಉಳಿಸಲೆಂದು ನಾನು ಬಿಟ್ಟುಬಂದ ಅರ್ಧ ಕಿಲೋ ಗಾಜು ಆಗ ನೆನಪಾಗಿ ನಾಚಿಕೆಯಾಯಿತು. ಡೆನ್ವರಿಗೆ ಬಂದ ಮೇಲೆ ಅವನು ತೊಡೆಯ ಮಾಂಸವನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಬೇಡವೆನ್ನಲಿಲ್ಲ. ಬೇಡವೆಂದಿದ್ದರೆ ಅದು ಇನ್ನೊಂದು “ಗೊತ್ತಾಗುತ್ತಿಲ್ಲ” ಆಗುತ್ತಿತ್ತು.

ಈಗ ಯಾರಾದರೂ ಯಾವ ಸ್ಕೋಪ್ ಕೊಳ್ಳಲಿ ಎಂದು ಕೇಳಿದರೆ, ಹೊರಲು ಸಾಧ್ಯವಾದದ್ದರಲ್ಲಿ ದೊಡ್ಡದನ್ನು ಕೊಳ್ಳಿ ಎನ್ನುತ್ತೇನೆ. ಕೊಲ್ಲುವ ಮಾತಿರುವ ಕಡೆ ಕಡಿಮೆ ಕಂಡವನಿಗೆ ಕಡಿಮೆ ಪಾಲು ಎಂಬ ನಿಯಮವಿಲ್ಲ. ಗೆಳೆಯ ಮತ್ತೆ ಕರೆದಿದ್ದಾನೆ. ಹೋಗುತ್ತೇನೋ ಇಲ್ಲವೋ, ಅದನ್ನು ಮನೆಯಲ್ಲೇ ಕೂತು ತೀರ್ಮಾನಿಸಬೇಕು. ಬೆಟ್ಟ ಹತ್ತಿ, ಗಾಜಿಗೆ ಕಣ್ಣಿಟ್ಟ ಮೇಲೆ ಅಲ್ಲ.